‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದರೆ ಏನರ್ಥ?

ಪಾರ್ಶ್ವವಾಯು ಬಡಿದೋ ಸೊಂಟದ ಮೂಳೆ ಮುರಿದೋ ಹಿರಿಯರೊಬ್ಬರು ಹಾಸಿಗೆ ಹಿಡಿದರೆ, ಆ ಮನೆಗೆ ಔಷಧಿಗಿಂತ ಮೊದಲು ಬರುವುದು ಸಲಹೆಗಳು. ನೋಡಲು ಬಂದ ನೆಂಟರೊಬ್ಬರು, ‘ಬೆನ್ನು ಕೆಂಪಾದರೆ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ’ ಎನ್ನುತ್ತಾರೆ. ಪಕ್ಕದ ಮನೆಯವರು ಪೌಡರ್ ಹಾಕಲು ಹೇಳುತ್ತಾರೆ. ಮೊಬೈಲಿಗೆ ಬಂದ ಸಂದೇಶವೊಂದು ಯಾವುದೋ ಮುಲಾಮಿನ ಹೆಸರು ಹೇಳಿ, ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಮುದ್ರೆ ಒತ್ತುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ನರ್ಸ್ ಹೇಳಿದ್ದು ಮಾತ್ರ ಒಂದೇ ಮಾತು: ‘ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.’

ಇವರಲ್ಲಿ ಯಾರ ಮಾತು ಕೇಳಬೇಕು? ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಆದರೆ ತಪ್ಪು ಸಲಹೆಯನ್ನು ಪಾಲಿಸಿದರೆ ನೋವು ಅನುಭವಿಸುವವರು ಹಾಸಿಗೆಯಲ್ಲಿರುವ ತಾಯಿಯೋ ತಂದೆಯೋ. ಹಾಸಿಗೆ ಹುಣ್ಣು ಒಮ್ಮೆ ಆಳಕ್ಕಿಳಿದರೆ ಎಲುಬನ್ನೂ ಮುಟ್ಟಬಹುದು, ಸೋಂಕು ರಕ್ತಕ್ಕೆ ಹರಡಿ ಪ್ರಾಣಕ್ಕೂ ಸಂಚಕಾರ ತರಬಹುದು. ಆದ್ದರಿಂದ ಒಂದು ಸಲಹೆಯ ಹಿಂದೆ ಏನಿದೆ ಎಂದು ಕೇಳಲು ಕಲಿಯುವುದು ಪಂಡಿತರ ಕೆಲಸವಷ್ಟೇ ಅಲ್ಲ, ಮನೆಯವರ ಕೆಲಸವೂ ಹೌದು. ಹಾಗೆ ಕೇಳಲು ಬೇಕಾದ ಪದಗಳು ಶುಶ್ರೂಷಾ ಸಂಶೋಧನೆಯಲ್ಲಿವೆ. ನಿಮ್ಮ ಮಗಳೋ ತಂಗಿಯೋ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದರೆ ಈ ಪದಗಳನ್ನು ಆಕೆಯ ಪಠ್ಯಪುಸ್ತಕದಲ್ಲಿ ನೋಡಿರಬಹುದು. ಪುಸ್ತಕದಲ್ಲಿ ಭಾರವಾಗಿ ಕಾಣುವ ಇವು ಹಾಸಿಗೆ ಹುಣ್ಣಿನ ಉದಾಹರಣೆಯೊಂದಿಗೆ ನೋಡಿದರೆ ಸುಲಭವಾಗಿ ಅರ್ಥವಾಗುತ್ತವೆ.

ಅಭಿಪ್ರಾಯದಿಂದ ಪ್ರಶ್ನೆಗೆ

ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್, ರೋಗಿಗೆ ಹಾಸಿಗೆ ಹುಣ್ಣಾದರೆ ಅದು ಹೆಚ್ಚಾಗಿ ಕಾಯಿಲೆಯ ತಪ್ಪಲ್ಲ, ಆರೈಕೆಯ ತಪ್ಪು ಎಂದು 19ನೇ ಶತಮಾನದಲ್ಲೇ ಬರೆದಿದ್ದರು. ಅವರು ಕೇವಲ ದಯಾಮಯಿ ದಾದಿಯಲ್ಲ, ಅಂಕಿಸಂಖ್ಯೆಗಳ ತಜ್ಞೆಯೂ ಹೌದು. 1858ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದವರು. ಆದರೂ ಹುಣ್ಣಿನ ಬಗ್ಗೆ ಅವರು ಹೇಳಿದ್ದು ಅನುಭವಿಯ ಅಭಿಪ್ರಾಯ. ಯಾವ ಆರೈಕೆ? ಎಷ್ಟು ಹೊತ್ತಿಗೊಮ್ಮೆ? ಯಾವ ರೋಗಿಗೆ? ಇವಕ್ಕೆ ಉತ್ತರ ಇನ್ನೂ ಸಿಕ್ಕಿರಲಿಲ್ಲ. ಮುಂದಿನ ಹಲವು ದಶಕಗಳ ಕಾಲ ವಾರ್ಡುಗಳಲ್ಲಿ ಸ್ಪಿರಿಟ್, ಪೌಡರ್, ಎಣ್ಣೆ, ಮೊಟ್ಟೆಯ ಬಿಳಿ ಲೋಳೆ ಹೀಗೆ ಒಬ್ಬೊಬ್ಬರು ಒಂದೊಂದನ್ನು ಹಚ್ಚುತ್ತಲೇ ಬಂದರು.

‘ಯಾವುದೋ ಒಂದು ಒಳ್ಳೆಯದಿರಬೇಕು’ ಎಂಬ ಈ ಗೊಂದಲವನ್ನು ಪರೀಕ್ಷಿಸಬಹುದಾದ ಒಂದು ಸ್ಪಷ್ಟ ಪ್ರಶ್ನೆಯಾಗಿ ಮಾಡಿಕೊಳ್ಳುವುದೇ ಸಂಶೋಧನೆಯ ಮೊದಲ ಹೆಜ್ಜೆ. ಅದನ್ನು ‘ಸಂಶೋಧನಾ ಪ್ರಶ್ನೆ’ ಎನ್ನುತ್ತಾರೆ. ‘ಹುಣ್ಣಿಗೆ ಏನು ಮಾಡಬೇಕು?’ ಎಂಬುದು ಮನೆಯ ಪ್ರಶ್ನೆ. ‘ಮಲಗಿದಲ್ಲೇ ಇರುವ ವೃದ್ಧರನ್ನು ನಿಗದಿತ ಹೊತ್ತಿಗೊಮ್ಮೆ ಹೊರಳಿಸಿದರೆ ಹುಣ್ಣು ಕಡಿಮೆಯಾಗುತ್ತದೆಯೇ?’ ಎಂಬುದು ಸಂಶೋಧನಾ ಪ್ರಶ್ನೆ. ಇದರಲ್ಲಿ ಯಾರು, ಏನು ಮಾಡಬೇಕು, ಏನನ್ನು ಅಳೆಯಬೇಕು ಎಂಬ ಮೂರೂ ಇವೆ.

ಇಂಗ್ಲೆಂಡಿನ ನರ್ಸ್ ಡೋರೀನ್ ನಾರ್ಟನ್ ಇಂಥ ಪ್ರಶ್ನೆಗಳನ್ನು ಹಿಡಿದು ಆಸ್ಪತ್ರೆಯ ವೃದ್ಧ ರೋಗಿಗಳನ್ನು ಅಧ್ಯಯನ ಮಾಡಿದರು. ಸಂಗಡಿಗರೊಂದಿಗೆ ನಡೆಸಿದ ಆ ಅಧ್ಯಯನ 1962ರಲ್ಲಿ ಪ್ರಕಟವಾಯಿತು. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ವೃದ್ಧರಲ್ಲಿ ಹುಣ್ಣು ಕಡಿಮೆ ಎಂಬುದು ಅವರು ಗಮನಿಸಿದ ಮುಖ್ಯ ಸಂಗತಿ. ಕಾರಣವೂ ಸರಳ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮದ ಸಣ್ಣ ರಕ್ತನಾಳಗಳು ಒತ್ತಡದಿಂದ ಮುಚ್ಚಿಹೋಗುತ್ತವೆ. ರಕ್ತ ಹರಿಯದ ಚರ್ಮ ಸಾಯುತ್ತದೆ. ಒತ್ತಡ ಅಲ್ಲೇ ಇರುವಾಗ ಮೇಲಿನಿಂದ ಏನು ಹಚ್ಚಿದರೂ ಮೂಲ ಕಾರಣ ಹಾಗೇ ಉಳಿಯುತ್ತದೆ.

ಅಳತೆಗೋಲು ಸರಿಯಿದೆಯೇ?

ಎಲ್ಲ ರೋಗಿಗಳಿಗೂ ಅಪಾಯ ಒಂದೇ ಸಮ ಇರುವುದಿಲ್ಲ. ಹಾಗಾಗಿ ನಾರ್ಟನ್ ಒಂದು ಅಂಕಪಟ್ಟಿ ಮಾಡಿದರು. ದೈಹಿಕ ಸ್ಥಿತಿ, ಮಾನಸಿಕ ಸ್ಥಿತಿ, ನಡೆದಾಡುವಿಕೆ, ಹಾಸಿಗೆಯಲ್ಲೇ ಹೊರಳಾಡುವ ಶಕ್ತಿ, ಮಲಮೂತ್ರದ ಹಿಡಿತ ಎಂಬ ಐದು ವಿಷಯಗಳು. ಪ್ರತಿಯೊಂದಕ್ಕೂ 1ರಿಂದ 4 ಅಂಕ. ಒಟ್ಟು 20ರಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ರೋಗಿಗೆ ಹುಣ್ಣಾಗುವ ಅಪಾಯವಿದೆ ಎಂದರ್ಥ. 1987ರಲ್ಲಿ ಅಮೆರಿಕದ ನರ್ಸಿಂಗ್ ಸಂಶೋಧಕಿಯರಾದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಆರು ವಿಷಯಗಳ ಇನ್ನೊಂದು ಪಟ್ಟಿಯನ್ನು ಪ್ರಕಟಿಸಿದರು. ಇಂದು ಅನೇಕ ಆಸ್ಪತ್ರೆಗಳಲ್ಲಿ ನರ್ಸ್ ರೋಗಿಯ ಫೈಲಿನಲ್ಲಿ ಬರೆಯುವ ‘ಬ್ರೇಡನ್ ಸ್ಕೋರ್’ ಅದೇ.

ಇಂಥ ಅಳತೆಗೋಲನ್ನು ಸಂಶೋಧನೆಯಲ್ಲಿ ‘ಉಪಕರಣ’ ಎಂದು ಕರೆಯುತ್ತಾರೆ. ಪ್ರಶ್ನಾವಳಿ, ಅಂಕಪಟ್ಟಿ, ಥರ್ಮಾಮೀಟರ್ ಎಲ್ಲವೂ ಉಪಕರಣಗಳೇ. ಯಾವುದೇ ಉಪಕರಣಕ್ಕೆ ಎರಡು ಗುಣ ಇರಲೇಬೇಕು.

ಮೊದಲನೆಯದು ವಿಶ್ವಾಸಾರ್ಹತೆ. ಬೆಳಗಿನ ಪಾಳಿಯ ನರ್ಸ್ ಒಬ್ಬ ರೋಗಿಗೆ 12 ಅಂಕ ಕೊಟ್ಟು, ಅದೇ ರೋಗಿಯ ಸ್ಥಿತಿ ಬದಲಾಗದಿದ್ದರೂ ಸಂಜೆ ಪಾಳಿಯ ನರ್ಸ್ 17 ಕೊಟ್ಟರೆ ಆ ಪಟ್ಟಿಯನ್ನು ನಂಬುವಂತಿಲ್ಲ. ಯಾರು ಅಳೆದರೂ, ಎಷ್ಟು ಸಲ ಅಳೆದರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಬರಬೇಕು.

ಎರಡನೆಯದು ಸಿಂಧುತ್ವ. ಅಳೆಯಬೇಕಾದುದನ್ನೇ ಅದು ಅಳೆಯುತ್ತಿದೆಯೇ ಎಂಬ ಪ್ರಶ್ನೆ. ಕಡಿಮೆ ಅಂಕ ಬಂದವರಿಗೇ ಮುಂದೆ ಹೆಚ್ಚು ಹುಣ್ಣಾದರೆ ಪಟ್ಟಿ ಸಿಂಧು. ಹಾಗಾಗದಿದ್ದರೆ ಅದು ಅಪಾಯವನ್ನಲ್ಲ, ಬೇರೇನನ್ನೋ ಅಳೆಯುತ್ತಿದೆ. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳದೆ, ಸದಾ ಸರಿಯಾಗಿ ಹತ್ತು ನಿಮಿಷ ಹಿಂದೆಯೇ ಇರುವ ಗೋಡೆ ಗಡಿಯಾರವನ್ನು ನೆನೆಸಿಕೊಳ್ಳಿ. ಅದಕ್ಕೆ ವಿಶ್ವಾಸಾರ್ಹತೆ ಇದೆ, ಸಿಂಧುತ್ವ ಇಲ್ಲ.

ಎರಡು ಗುಂಪುಗಳು ಏಕೆ?

ನಾರ್ಟನ್ ಗಮನಿಸಿದ್ದು ನಿಜವಿರಬಹುದು. ಆದರೆ ಹೆಚ್ಚು ಹೊರಳಿಸಿದ ರೋಗಿಗಳಿಗೆ ಬೇರೆ ಆರೈಕೆಯೂ ಹೆಚ್ಚು ಸಿಕ್ಕಿರಬಹುದಲ್ಲವೇ? ಊಟ ಚೆನ್ನಾಗಿದ್ದಿರಬಹುದು, ಬಟ್ಟೆ ಬೇಗ ಬದಲಿಸಿರಬಹುದು. ಫಲಿತಾಂಶಕ್ಕೆ ಹೀಗೆ ಮರೆಯಲ್ಲಿ ನಿಂತು ಕೈಹಾಕುವ ಸಂಗತಿಗಳನ್ನು ‘ಗೊಂದಲಕಾರಿ ಅಂಶಗಳು’ ಎನ್ನುತ್ತಾರೆ. ನಡೆಯುತ್ತಿರುವುದನ್ನು ಬರೀ ನೋಡಿ ದಾಖಲಿಸುವುದು ‘ವೀಕ್ಷಣಾ ಅಧ್ಯಯನ’. ಅದರಲ್ಲಿ ಈ ಅಂಶಗಳನ್ನು ಬೇರ್ಪಡಿಸುವುದು ಕಷ್ಟ. ಅದಕ್ಕಾಗಿಯೇ ‘ಪ್ರಯೋಗ’ ಬೇಕಾಗುತ್ತದೆ.

ಐರ್ಲೆಂಡಿನ ನರ್ಸಿಂಗ್ ಸಂಶೋಧಕಿ ಜೀನಾ ಮೂರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ದೀರ್ಘಕಾಲ ಆಸ್ಪತ್ರೆಯಲ್ಲೇ ಇರುವ ವೃದ್ಧರು ಇದರಲ್ಲಿ ಭಾಗವಹಿಸಿದ್ದರು. ಒಂದು ಗುಂಪಿನವರನ್ನು ರಾತ್ರಿ ಪ್ರತಿ 3 ಗಂಟೆಗೊಮ್ಮೆ, ಪೂರ್ತಿ ಪಕ್ಕಕ್ಕೆ ತಿರುಗಿಸದೆ, ದಿಂಬಿನ ಆಸರೆಯಿಂದ 30 ಡಿಗ್ರಿಯಷ್ಟು ಮಾತ್ರ ಓರೆಯಾಗಿಸಿ ಮಲಗಿಸಲಾಯಿತು. ಇದು ‘ಪ್ರಾಯೋಗಿಕ ಗುಂಪು’. ಇನ್ನೊಂದು ಗುಂಪಿಗೆ ಅಲ್ಲಿ ರೂಢಿಯಲ್ಲಿದ್ದ ಕ್ರಮವೇ ಮುಂದುವರಿಯಿತು. ರಾತ್ರಿ 6 ಗಂಟೆಗೊಮ್ಮೆ 90 ಡಿಗ್ರಿ ಪಕ್ಕಕ್ಕೆ ತಿರುಗಿಸುವುದು. ಇದು ‘ನಿಯಂತ್ರಿತ ಗುಂಪು’, ಅಂದರೆ ಕಂಟ್ರೋಲ್ ಗ್ರೂಪ್. ಹೋಲಿಸಲು ಈ ಗುಂಪು ಇಲ್ಲದಿದ್ದರೆ ‘ವಾಸಿಯಾಯಿತು’ ಎಂಬ ಮಾತಿಗೆ ಅರ್ಥವೇ ಇಲ್ಲ. ಏನೂ ಮಾಡದಿದ್ದರೂ ಎಷ್ಟು ಜನ ವಾಸಿಯಾಗುತ್ತಿದ್ದರು ಎಂದು ನಮಗೆ ಹೇಗೆ ತಿಳಿಯಬೇಕು?

ಇಲ್ಲಿ ಸಂಶೋಧಕರು ತಾವಾಗಿ ಬದಲಿಸಿದ್ದು ಮಲಗಿಸುವ ಕ್ರಮವನ್ನು. ಅದು ‘ಸ್ವತಂತ್ರ ಚರ’. ಅದರಿಂದ ಬದಲಾಗುತ್ತದೆಯೇ ಎಂದು ಕಾದು ನೋಡಿದ್ದು ಹುಣ್ಣುಗಳ ಸಂಖ್ಯೆಯನ್ನು. ಅದು ‘ಅವಲಂಬಿತ ಚರ’. ಒಲೆಯ ಉರಿ ಹೆಚ್ಚಿಸಿದರೆ ಹಾಲು ಬೇಗ ಉಕ್ಕುತ್ತದೆ. ಉರಿ ಸ್ವತಂತ್ರ ಚರ, ಉಕ್ಕುವ ಹೊತ್ತು ಅವಲಂಬಿತ ಚರ. ಹೀಗೆ ಓರೆಯಾಗಿ ಮಲಗಿಸಿದರೆ ಹುಣ್ಣು ಕಡಿಮೆಯಾಗುತ್ತದೆ ಎಂದು ಅಧ್ಯಯನಕ್ಕೆ ಮೊದಲೇ ಬರೆದಿಟ್ಟುಕೊಳ್ಳುವ ಹೇಳಿಕೆ ‘ಪ್ರಾಕ್ಕಲ್ಪನೆ’. ಇಂಗ್ಲಿಷ್ ಪಠ್ಯದಲ್ಲಿ ಅದು ಹೈಪಾಥಿಸಿಸ್. ಎರಡೂ ಕ್ರಮಗಳ ನಡುವೆ ವ್ಯತ್ಯಾಸವೇ ಇಲ್ಲ ಎಂಬ ಎದುರು ಹೇಳಿಕೆ ‘ಶೂನ್ಯ ಪ್ರಾಕ್ಕಲ್ಪನೆ’. ಫಲಿತಾಂಶ ಬಂದ ಮೇಲೆ ಊಹೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬಾರದು ಎಂಬುದಕ್ಕೇ ಇದನ್ನು ಮೊದಲೇ ಬರೆಯುವುದು.

ಯಾವ ಗುಂಪಿಗೆ ಯಾರು? ಇದನ್ನು ನರ್ಸ್ ತಮ್ಮ ಇಷ್ಟದಂತೆ ಆರಿಸಿದರೆ, ಗಟ್ಟಿಮುಟ್ಟಾದವರು ಅರಿವಿಲ್ಲದೆಯೇ ಒಂದೇ ಗುಂಪಿಗೆ ಹೋಗಬಹುದು. ಇಂಥ ವಾಲಿಕೆಗೆ ‘ಪಕ್ಷಪಾತ’ ಎನ್ನುತ್ತಾರೆ. ಅದನ್ನು ತಡೆಯಲು ಚೀಟಿ ಎತ್ತಿದಂತೆ ಹಂಚುವ ಕ್ರಮ ‘ಯಾದೃಚ್ಛಿಕ ಹಂಚಿಕೆ’. ಮೂರ್ ಅವರ ಅಧ್ಯಯನದಲ್ಲಿ ಒಬ್ಬೊಬ್ಬ ರೋಗಿಯನ್ನಲ್ಲ, ಇಡೀ ಘಟಕಗಳನ್ನೇ ಹೀಗೆ ಹಂಚಲಾಗಿತ್ತು. ಒಂದೇ ವಾರ್ಡಿನ ನರ್ಸ್‌ಗಳು ಒಂದು ಮಂಚಕ್ಕೆ ಒಂದು ನಿಯಮ, ಪಕ್ಕದ ಮಂಚಕ್ಕೆ ಇನ್ನೊಂದು ನಿಯಮ ಪಾಲಿಸಲು ಹೋದರೆ ಎರಡೂ ಬೆರೆತುಹೋಗುತ್ತವೆ.

ಆಕಸ್ಮಿಕವೋ, ನಿಜವೋ?

ನಾಲ್ಕು ವಾರಗಳ ಬಳಿಕ ಪ್ರಾಯೋಗಿಕ ಗುಂಪಿನ 99 ಜನರಲ್ಲಿ 3 ಮಂದಿಗೆ ಹುಣ್ಣಾಗಿತ್ತು. ನಿಯಂತ್ರಿತ ಗುಂಪಿನ 114 ಜನರಲ್ಲಿ 13 ಮಂದಿಗೆ ಆಗಿತ್ತು. ಶೇ. 3 ಮತ್ತು ಶೇ. 11. ಹೀಗೆ ಸಂಗ್ರಹಿಸಿದ ವಿವರಗಳೇ ‘ದತ್ತಾಂಶ’.

ಈ ಅಂತರ ಅದೃಷ್ಟದಿಂದ ಬಂದಿರಬಹುದೇ? ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರದ ‘ಪಿ-ಮೌಲ್ಯ’ ನೆರವಾಗುತ್ತದೆ. ಇಲ್ಲಿ ಅದು 0.035. ಎರಡು ಕ್ರಮಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ನೂರಕ್ಕೆ ಮೂರೂವರೆ ಎಂದು ಇದರರ್ಥ. ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶವನ್ನು ‘ಗಣನೀಯ’ ಎನ್ನುತ್ತಾರೆ. ನೆನಪಿರಲಿ, ಪಿ-ಮೌಲ್ಯ ಸತ್ಯದ ಪ್ರಮಾಣಪತ್ರವಲ್ಲ. ಔಷಧಿ ಎಷ್ಟು ಉಪಯುಕ್ತ ಎಂದೂ ಅದು ಹೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ಇದೇ ಫಲಿತಾಂಶವನ್ನು ‘ಹುಣ್ಣು ಶೇ. 70ಕ್ಕಿಂತ ಹೆಚ್ಚು ಕಡಿಮೆಯಾಯಿತು’ ಎನ್ನಬಹುದು. ‘ನೂರು ಜನರಲ್ಲಿ ಎಂಟು ಮಂದಿಗೆ ಹುಣ್ಣು ತಪ್ಪಿತು’ ಎಂದೂ ಹೇಳಬಹುದು. ಎರಡೂ ನಿಜ. ಜಾಹೀರಾತುಗಳು ಯಾವಾಗಲೂ ದೊಡ್ಡದಾಗಿ ಕಾಣುವ ಸಂಖ್ಯೆಯನ್ನೇ ಆರಿಸಿಕೊಳ್ಳುತ್ತವೆ. ಶೇಕಡಾವಾರು ಕಂಡಾಗಲೆಲ್ಲ ‘ಎಷ್ಟು ಜನರಲ್ಲಿ ಎಷ್ಟು ಮಂದಿಗೆ?’ ಎಂದು ಕೇಳಿ.

ಅಲ್ಲಿನ ಉತ್ತರ ಇಲ್ಲಿಗೂ ಹೊಂದುತ್ತದೆಯೇ?

ಹಾಸಿಗೆ ಹಿಡಿದ ಎಲ್ಲ ವೃದ್ಧರನ್ನೂ ಅಧ್ಯಯನ ಮಾಡಲು ಯಾರಿಂದಲೂ ಆಗದು. ನಮಗೆ ಉತ್ತರ ಬೇಕಾಗಿರುವ ಇಡೀ ಸಮೂಹ ‘ಸಮಷ್ಟಿ’. ಅದರಿಂದ ಆರಿಸಿಕೊಂಡ ಕೆಲವರು ‘ಮಾದರಿ’ ಅಥವಾ ಸ್ಯಾಂಪಲ್. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುತ್ತೇವಲ್ಲ, ಹಾಗೆ. ಆದರೆ ಒಂದು ಪಾತ್ರೆಯ ಅಗುಳು ನೋಡಿ ಇನ್ನೊಂದು ಒಲೆಯ ಮೇಲಿರುವ ಪಾತ್ರೆಯ ಬಗ್ಗೆ ಹೇಳಲಾಗದು.

2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ನ್ಯಾನ್ಸಿ ಬರ್ಗ್‌ಸ್ಟ್ರಾಮ್ ತಂಡ ಅಮೆರಿಕ ಮತ್ತು ಕೆನಡಾದ 27 ವೃದ್ಧರ ಆರೈಕೆ ಕೇಂದ್ರಗಳಲ್ಲಿ 942 ಜನರನ್ನು 2, 3 ಮತ್ತು 4 ಗಂಟೆಗೊಮ್ಮೆ ಹೊರಳಿಸುವ ಮೂರು ಗುಂಪುಗಳಾಗಿ ಹಂಚಿ, ಮೂರು ವಾರ ಗಮನಿಸಿತು. 2 ಗಂಟೆಯ ಗುಂಪಿನ 321 ಜನರಲ್ಲಿ 8, 3 ಗಂಟೆಯ 326 ಜನರಲ್ಲಿ 2, 4 ಗಂಟೆಯ 295 ಜನರಲ್ಲಿ 9 ಮಂದಿಗೆ ಹುಣ್ಣಾಯಿತು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಮನೆಯಲ್ಲೂ ನಾಲ್ಕು ಗಂಟೆ ಬಿಡಬಹುದೇ? ಅವಸರ ಬೇಡ. ಅಲ್ಲಿನವರೆಲ್ಲ ಮಲಗಿದ್ದು ಒತ್ತಡವನ್ನು ಹಂಚುವ ದಟ್ಟ ಫೋಮ್ ಹಾಸಿಗೆಯ ಮೇಲೆ. ತರಬೇತಿ ಪಡೆದ ಸಿಬ್ಬಂದಿ ಇದ್ದರು, ಚರ್ಮವನ್ನು ಆಗಾಗ ಪರೀಕ್ಷಿಸುತ್ತಿದ್ದರು. ನಮ್ಮ ಮನೆಯ ಹತ್ತಿಯ ಹಾಸಿಗೆ, ತೆಂಗಿನ ನಾರಿನ ಹಾಸಿಗೆ, ಚಾಪೆ ಆ ಸಮಷ್ಟಿಗೆ ಸೇರಿಲ್ಲ. ಒಂದು ಕಡೆ ಸಿಕ್ಕ ಫಲಿತಾಂಶವನ್ನು ಬೇರೆಡೆಗೂ ಅನ್ವಯಿಸಬಹುದೇ ಎಂಬ ಈ ಪ್ರಶ್ನೆಯೇ ‘ಸಾಮಾನ್ಯೀಕರಣ’. ವಿದೇಶದ ಒಂದು ಅಧ್ಯಯನ ಹಿಡಿದು ನಮ್ಮ ಮೊಬೈಲಿಗೆ ಬರುವ ಎಷ್ಟೋ ಸಂದೇಶಗಳು ಇಲ್ಲೇ ಎಡವುತ್ತವೆ. ಸಾಮಾನ್ಯ ಹಾಸಿಗೆಯಲ್ಲಿರುವವರಿಗೆ ನರ್ಸ್ ಹೇಳಿದ ಎರಡು ಗಂಟೆಯ ಮಾತನ್ನೇ ಪಾಲಿಸಿ. ಅದನ್ನು ಬದಲಿಸಬೇಕಾದರೆ ರೋಗಿಯನ್ನು ನೋಡಿದ ವೈದ್ಯರೋ ನರ್ಸೋ ಹೇಳಲಿ.

ಸಂಖ್ಯೆಗೆ ಸಿಗದ ಸಂಗತಿಗಳು

ಎಣಿಸಿ ಅಳೆಯುವ ಸಂಶೋಧನೆ ‘ಪರಿಮಾಣಾತ್ಮಕ’. ಆದರೆ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಅತ್ತೆಯನ್ನು ಹೊರಳಿಸುವ ಸೊಸೆಯ ನಿದ್ದೆಗೇಡು, ಸೊಂಟನೋವು, ‘ನಾನು ಮಕ್ಕಳಿಗೆ ಹೊರೆಯಾದೆ’ ಎಂದು ಮಲಗಿದವರು ಒಳಗೇ ಕೊರಗುವುದು ಇವು ಪಟ್ಟಿಯ ಅಂಕಗಳಲ್ಲಿ ಸಿಗುವುದಿಲ್ಲ. ಅವರೊಂದಿಗೆ ಕುಳಿತು, ಅವರ ಮಾತನ್ನು ಅವರದೇ ಪದಗಳಲ್ಲಿ ದಾಖಲಿಸಿ, ಅದರಲ್ಲಿನ ಸಮಾನ ಎಳೆಗಳನ್ನು ಹುಡುಕುವುದು ‘ಗುಣಾತ್ಮಕ’ ಸಂಶೋಧನೆ. ಒಂದು ನಿಯಮ ಕಾಗದದ ಮೇಲೆ ಸರಿಯಿದ್ದರೂ ಮನೆಗಳಲ್ಲಿ ಏಕೆ ಪಾಲನೆಯಾಗುವುದಿಲ್ಲ ಎಂಬುದಕ್ಕೆ ಹೆಚ್ಚಾಗಿ ಉತ್ತರ ಕೊಡುವುದು ಇದೇ.

ನಿಮ್ಮ ಸಹಿ ಕೇಳಿದಾಗ

ಆಸ್ಪತ್ರೆಯಲ್ಲಿ ಒಂದು ದಿನ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಾವಳಿ ಹಿಡಿದು ನಿಮ್ಮ ಮಂಚದ ಬಳಿ ಬರಬಹುದು. ನರ್ಸಿಂಗ್ ಶಿಕ್ಷಣದಲ್ಲಿ ಸಂಶೋಧನೆ ಒಂದು ವಿಷಯ, ಎಂ.ಎಸ್ಸಿ. ಓದುವವರು ಪ್ರಬಂಧ ಸಲ್ಲಿಸಲೇಬೇಕು. ಆಕೆಯನ್ನು ಗದರಿಸಬೇಡಿ, ಓದದೆ ಸಹಿಯನ್ನೂ ಹಾಕಬೇಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯ ಪ್ರಕಾರ, ಭಾಗವಹಿಸುವವರಿಂದ ‘ತಿಳಿದು ಕೊಡುವ ಸಮ್ಮತಿ’ ಪಡೆಯಬೇಕು. ಅಂದರೆ ಅಧ್ಯಯನ ಏನು, ಏಕೆ, ಅದರಿಂದ ತೊಂದರೆ ಏನಾಗಬಹುದು ಎಂಬುದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ, ಆಮೇಲೆ ಹೆಬ್ಬೆರಳ ಗುರುತು ಪಡೆಯಬೇಕು. ನೀವು ‘ಬೇಡ’ ಎನ್ನಬಹುದು. ಒಪ್ಪಿದ ಮೇಲೂ ಮಧ್ಯದಲ್ಲಿ ಹಿಂದೆ ಸರಿಯಬಹುದು. ಇದರಿಂದ ನಿಮಗೆ ಸಿಗಬೇಕಾದ ಚಿಕಿತ್ಸೆ ಕಡಿಮೆಯಾಗಬಾರದು. ನಿಮ್ಮ ಹೆಸರು, ವಿವರ ಗೋಪ್ಯವಾಗಿರಬೇಕು. ಅಧ್ಯಯನಕ್ಕೆ ‘ನೈತಿಕ ಸಮಿತಿ’ಯ ಒಪ್ಪಿಗೆ ಇದೆಯೇ ಎಂದು ಕೇಳುವ ಹಕ್ಕೂ ನಿಮಗಿದೆ. ಬೆನ್ನು, ಸೊಂಟ ಪರೀಕ್ಷಿಸಬೇಕಾದ ಅಧ್ಯಯನವಾದರೆ ಪರದೆ ಎಳೆಯಲು ಹೇಳಿ. ಮಹಿಳಾ ರೋಗಿಗೆ ಮಹಿಳೆಯೇ ಪರೀಕ್ಷಿಸಲಿ ಎಂದು ಕೇಳಲು ಸಂಕೋಚ ಬೇಡ.

ಒಪ್ಪಿಕೊಳ್ಳುವುದಾದರೆ ನಿಜವನ್ನೇ ಹೇಳಿ. ನರ್ಸ್‌ಗೆ ಖುಷಿಯಾಗಲಿ ಎಂದು ‘ಎಲ್ಲ ಚೆನ್ನಾಗಿದೆ’ ಎಂದರೆ ದತ್ತಾಂಶ ಕೆಡುತ್ತದೆ. ಅದರ ಮೇಲೆ ನಿಲ್ಲುವ ಸಲಹೆ ಮುಂದೆ ಇನ್ನೊಬ್ಬರ ತಾಯಿಗೆ ತಪ್ಪು ಆರೈಕೆಯಾಗಿ ತಲುಪುತ್ತದೆ.

ಕೇಳಬೇಕಾದ ಐದು ಪ್ರಶ್ನೆಗಳು

ಇನ್ನು ಮುಂದೆ ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಯಾರಾದರೂ ಹೇಳಿದರೆ ಇವನ್ನು ಕೇಳಿ:

1. ಎಷ್ಟು ಜನರ ಮೇಲೆ, ಎಂಥವರ ಮೇಲೆ ಅಧ್ಯಯನ ನಡೆಯಿತು?
2. ಹೋಲಿಸಲು ನಿಯಂತ್ರಿತ ಗುಂಪು ಇತ್ತೇ?
3. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರೇ, ಇಷ್ಟ ಬಂದಂತೆ ಆರಿಸಿದರೇ?
4. ಏನನ್ನು, ಯಾವುದರಿಂದ ಅಳೆದರು?
5. ಅಧ್ಯಯನಕ್ಕೆ ಹಣ ಕೊಟ್ಟವರು ಯಾರು? ಆ ವಸ್ತುವನ್ನು ಮಾರುವವರೇ?

ಐದಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.

ಮನೆಯಲ್ಲಿ ಮಲಗಿರುವವರಿದ್ದರೆ ಇಂದೇ ಮಾಡಬಹುದಾದ ಕೆಲಸಗಳೂ ಇವೆ. ದಿನಕ್ಕೊಮ್ಮೆಯಾದರೂ ಬೆನ್ನಿನ ಕೆಳಭಾಗ, ಸೊಂಟದ ಎರಡೂ ಬದಿ, ಹಿಮ್ಮಡಿ, ಭುಜದ ಎಲುಬು, ತಲೆಯ ಹಿಂಭಾಗವನ್ನು ಬೆಳಕಿನಲ್ಲಿ ನೋಡಿ. ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಮೊದಲ ಎಚ್ಚರಿಕೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದಿರಬಹುದು. ಆ ಜಾಗ ಸುತ್ತಲಿಗಿಂತ ಬೇರೆ ಬಣ್ಣಕ್ಕೆ ತಿರುಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ನೋಡಿ. ಅಂಥ ಜಾಗವನ್ನು ತಿಕ್ಕಬೇಡಿ. ಒಳಗೆ ಆಗಲೇ ನೊಂದಿರುವ ಚರ್ಮಕ್ಕೆ ಉಜ್ಜುವುದರಿಂದ ಇನ್ನಷ್ಟು ಪೆಟ್ಟಾಗುತ್ತದೆ. ನಡುವೆ ತೂತಿರುವ ಉಂಗುರದಂಥ ದಿಂಬೂ ಬೇಡ. ಅದು ಸುತ್ತಲಿನ ರಕ್ತ ಸಂಚಾರವನ್ನು ತಡೆಯುತ್ತದೆ. ಹೊರಳಿಸುವಾಗ ಎಳೆಯದೆ, ಇಬ್ಬರು ಸೇರಿ ಹೊದಿಕೆಯ ಸಹಾಯದಿಂದ ಎತ್ತಿ. ಮೂಳೆ ಮುರಿದವರನ್ನೂ ಬೆನ್ನುಹುರಿಗೆ ಪೆಟ್ಟಾದವರನ್ನೂ ಹೊರಳಿಸುವ ವಿಧಾನವನ್ನು ಆಸ್ಪತ್ರೆಯಲ್ಲೇ ಕಲಿತು ಬನ್ನಿ.

ಗೋಡೆಗೆ ಒಂದು ಕಾಗದ ಅಂಟಿಸಿ. ಹೊರಳಿಸಿದ ಹೊತ್ತು, ಎಡವೋ ಬಲವೋ, ಚರ್ಮ ಹೇಗಿತ್ತು ಎಂದು ಮೂರು ಕಾಲಂ ಗೀರಿ ಬರೆಯುತ್ತಾ ಹೋಗಿ. ರಾತ್ರಿ ಪಾಳಿ ಮಗನದ್ದಾದರೆ ಮಗನೇ ಬರೆಯಲಿ. ಮುಂದಿನ ಸಲ ನರ್ಸ್ ಅಥವಾ ಡಾಕ್ಟರರನ್ನು ಕಾಣುವಾಗ ಆ ಕಾಗದವನ್ನು ಜೊತೆಗೆ ಒಯ್ಯಿರಿ. ‘ಸರಿಯಾಗಿಯೇ ನೋಡಿಕೊಳ್ಳುತ್ತಿದ್ದೇವೆ’ ಎಂಬ ಮಾತಿಗಿಂತ ಅದರಿಂದ ಅವರಿಗೆ ಹೆಚ್ಚು ತಿಳಿಯುತ್ತದೆ.